ಸಾಲ್ಟ್ ಲೇಕ್ ಸಿಟಿಗೆ ಬಂದ್ರೆ ಈ ಮ್ಯೂಸಿಯಂ ನೋಡದೆ ಹೋಗ್ಬೇಡಿ (ಟಿಕೆಟ್ ಬೇರೆ ಇಲ್ಲ!)

ಮಗಳ ಮನೆಗೆ ಅಂತ ಅಮೆರಿಕದ ಯೂಟಾ ರಾಜ್ಯಕ್ಕೆ ಬಂದು ಎರಡು ತಿಂಗಳಾಯ್ತು, ಟೆಂಪಲ್ ಸ್ಕ್ವೇರ್ ಆಯ್ತು, ಉಪ್ಪಿನ ಸರೋವರಾನೂ ಆಯ್ತು, ಹೋದ ಶನಿವಾರ ಅಳಿಯಂದ್ರು ಕ್ಯಾಪಿಟಲ್ ಬಿಲ್ಡಿಂಗ್ (ಇಲ್ಲಿನ ವಿಧಾನಸೌಧ) ಹತ್ರ ಇರೋ ಪಯೋನೀರ್ ಮೆಮೋರಿಯಲ್ ಮ್ಯೂಸಿಯಂಗೆ ಕರ್ಕೊಂಡ್ ಹೋದ್ರು. ಪಯೋನೀರ್ ಅಂದ್ರೆ ಮೊದಮೊದಲು ಇಲ್ಲಿಗೆ ವಲಸೆ ಬಂದು ನೆಲೆಸಿದೋರು. ಅರ್ಧ ಗಂಟೇಲಿ ಮುಗಿಯುತ್ತೆ ಅಂದ್ಕೊಂಡಿದ್ದೆ, ಹೊರಗೆ ಬರೋ ಹೊತ್ತಿಗೆ ಮೂರು ಗಂಟೆ ಕಳೆದೇಹೋಗಿತ್ತು.

ಇದನ್ನ ನಡೆಸೋದು ಡಾಟರ್ಸ್ ಆಫ್ ಯೂಟಾ ಪಯೋನೀರ್ಸ್ ಅನ್ನೋ ಹೆಂಗಸರ ಸಂಘ, 1901ರದ್ದು. ಸುಮ್ನೆ ಹೋಗಿ ಸದಸ್ಯರಾಗೋಕಾಗಲ್ಲ, 1869ರ ಮೇ 10ಕ್ಕೆ ಪೂರ್ವದಿಂದ, ಪಶ್ಚಿಮದಿಂದ ಹಾಕ್ಕೊಂಡು ಬಂದ ರೈಲು ಹಳಿ ಕೂಡೋದಕ್ಕೆ ಮುಂಚೆ ಇಲ್ಲಿಗೆ ಬಂದೋರ ವಂಶದವರೇ ಆಗಿರ್ಬೇಕು. ಅಂದ್ರೆ ಎತ್ತಿನ ಗಾಡೀಲೋ, ಕೈಗಾಡಿ ಎಳ್ಕೊಂಡೋ ಬಂದೋರದ್ದೇ ಲೆಕ್ಕ, ಆಮೇಲೆ ರೈಲಲ್ಲಿ ಕೂತ್ಕೊಂಡು ಬಂದೋರು ಪಯೋನೀರ್ ಅಲ್ಲ! ಬಿಲ್ಡಿಂಗ್ 1950ರದ್ದು, 1928ರಲ್ಲಿ ಕೆಡವಿಬಿಟ್ಟ ಹಳೇ ಸಾಲ್ಟ್ ಲೇಕ್ ಥಿಯೇಟರ್ ಥರಾನೇ ಕಟ್ಟಿದಾರೆ.

ಒಳಗೆ ಕ್ವಿಲ್ಟು (ನಮ್ಮ ಕೌದಿ ಥರ), ಗೊಂಬೆ, ಪಿಂಗಾಣಿ, ಎರಡು ತಲೆ ಕುರಿಮರಿ ಕೂಡ ಇದೆ. ಆದ್ರೆ ನಾನು ನಿಂತುಬಿಟ್ಟಿದ್ದು ಕೂದಲಲ್ಲಿ ಮಾಡಿರೋ ಹೂವಿನ ಹಾರದ ಮುಂದೆ. ಮನೆಯವರ ಕೂದಲನ್ನ ಸಣ್ಣ ತಂತಿಗೆ ಸುತ್ತಿ ಸುತ್ತಿ ಎಸಳು ಮಾಡಿ, ಕಂದು, ಹೊಂಬಣ್ಣ, ಬಿಳಿ ಎಲ್ಲಾ ಒಂದೇ ಫ್ರೇಮಲ್ಲಿ, ಬಿಳಿದು ಅಜ್ಜೀದೇ ಇರ್ಬೇಕು. ನಮ್ಮಮ್ಮ ಉದುರಿದ ಕೂದಲು ಉಂಡೆ ಕಟ್ಟಿ ಗೋಡೆ ಸಂದೀಲಿಟ್ಟು, ಬೀದೀಲಿ ಬರೋ ಏರ್‌ಪಿನ್ ಮಾರೋಳಿಗೆ ಕೊಡ್ತಿದ್ರು, ಇಲ್ಲಿ ನೋಡಿದ್ರೆ ಗಾಜು ಹಾಕಿ ಕಾಪಾಡಿದಾರೆ!

ಅಳಿಯಂದ್ರು ಮಾತ್ರ ಹಳೇ ಗಾಡಿಗಳನ್ನ ಇಟ್ಟಿರೋ ಕ್ಯಾರೇಜ್ ಹೌಸಲ್ಲಿ 1902ರ ಸ್ಟೀಮ್ ಫೈರ್ ಇಂಜಿನ್ ಬಿಟ್ಟು ಕದಲಲಿಲ್ಲ. ಹೇಸರಗತ್ತೆ ಎಳೀತಿದ್ದ ಟ್ರ್ಯಾಮೂ ಅಲ್ಲೇ ಇದೆ.

ಒಂದು ಮಾತು, ಇವರೆಲ್ಲ ಬರೋಕೆ ಮುಂಚೆಯಿಂದ್ಲೂ ಇಲ್ಲಿದ್ದ ಯೂಟ್, ಶೋಶೋನಿ ಜನರ ಕಥೆ ಹುಡುಕ್ಕೊಂಡು ಬರೋರಿಗೆ ಇದು ಜಾಗ ಅಲ್ಲ, ರಾಜ್ಯಕ್ಕೆ ಹೆಸರು ಬಂದಿದ್ದೇ ಯೂಟ್ ಜನರಿಂದ ಆದ್ರೂ. ಇದು ಮೊಮ್ಮಕ್ಕಳು, ಮರಿಮಕ್ಕಳು ತಂತಮ್ಮ ಅಟ್ಟ ಖಾಲಿ ಮಾಡಿ ತಂದಿಟ್ಟಿರೋ ಸಾಮಾನು, ಹಂಗೇ ಅಂದ್ಕೊಂಡು ನೋಡಿ.

ನನ್ನ ಕಡೆಯಿಂದ ನಾಲ್ಕೂವರೆ ಸ್ಟಾರ್. ಆ ಅರ್ಧ ಕಟ್ ಮಾಡಿದ್ದು ಮ್ಯೂಸಿಯಂಗಲ್ಲ, ಟೆಂಪಲ್ ಸ್ಕ್ವೇರಿಂದ ಮೇಲಕ್ಕೆ ಹತ್ತೋ ಆ ಏರಿಗೆ. ಮಂಡಿನೋವಿರೋರು ಕಾರಲ್ಲೇ ಹೋಗಿ.