ಬರೀ ರೌಡಿ ಪಾತ್ರ ಮಾಡಿದವನಿಗೆ ಇವರ ಶೋರೀಲ್ ಸರ್ವಿಸ್ ಉಪಯೋಗಕ್ಕೆ ಬಂತಾ? ಬಂತು, ಆದ್ರೆ...

ಶೋರೀಲ್, ಅಂದ್ರೆ ನಟನ ಕೆಲ್ಸದ ಕ್ಲಿಪ್‌ಗಳನ್ನ ಜೋಡಿಸಿದ ಚಿಕ್ಕ ವಿಡಿಯೋ, ಮಾಡ್ಕೊಡೋರು ಆನ್‌ಲೈನಲ್ಲಿ ಬೇಕಾದಷ್ಟು ಜನ ಇದಾರೆ, ಕ್ಲಿಪ್ ಕಳಿಸಿದ್ರೆ ಅಬ್ಬರದ ಮ್ಯೂಸಿಕ್ ಹಾಕಿ ಜೋಡಿಸಿ ಕೊಟ್ಬಿಡ್ತಾರೆ. ನಾನು ಕೆಲ್ಸ ಕೊಟ್ಟ ಈ ಸರ್ವಿಸ್‌ನವರ ಹತ್ರ ಒಂದೇ ಥರದ ಪಾತ್ರಕ್ಕೆ ಬ್ರ್ಯಾಂಡ್ ಆಗಿರೋ ನಟರಿಗೆ ಅಂತಲೇ ಒಂದು ಪ್ಯಾಕೇಜ್ ಇದೆ: ಹಳೇ ಕ್ಲಿಪ್ ಎಡಿಟ್, ಹೊಸದಾಗಿ ಒಂದು ಸೀನ್ ಬರೆದು ಶೂಟ್ ಮಾಡೋದು, ಜೊತೆಗೆ ಹೆಡ್‌ಶಾಟ್, ಅಂದ್ರೆ ಕ್ಯಾಸ್ಟಿಂಗ್‌ನೋರಿಗೆ ಕಳಿಸೋ ಮುಖದ ಫೋಟೋ. ನಾನು ತಗೊಂಡಿದ್ದು ಅದೇ.

ನನ್ನ ಮೈಕಟ್ಟು, ದನಿ, ಹುಬ್ಬಿನ ಮೇಲಿರೋ ಗಾಯದ ಗುರುತು ನೋಡಿದ ಕೂಡ್ಲೇ ವಿಲನ್ ಕಡೆಯವರ ಸಾಲಲ್ಲಿ ನಿಲ್ಸ್ತಾರೆ. ಕೆಲ್ಸ ಸಿಗಲ್ಲ ಅಂತಲ್ಲ, ಆದ್ರೆ ಬೇರೆ ಥರದ ಪಾತ್ರಕ್ಕೆ ಆಡಿಷನ್‌ಗೂ ಕರೆಯಲ್ಲ, ಕರೀಬೇಕು ಅಂದ್ರೆ ಅಂಥದ್ದು ಮಾಡಿರೋ ಕ್ಲಿಪ್ ಕೇಳ್ತಾರೆ, ಪಾತ್ರಾನೇ ಕೊಡದೆ ಇದ್ರೆ ಕ್ಲಿಪ್ ಎಲ್ಲಿಂದ ತರೋದು?

ಒಂದು ಕ್ಲಿಪ್ ಏನು ಮಾಡುತ್ತೆ ಅನ್ನೋದಕ್ಕೆ ಅಮೆರಿಕದ ನಟ ಬ್ರಯಾನ್ ಕ್ರ್ಯಾನ್‌ಸ್ಟನ್ ಕಥೆ ನೋಡಿ. 'ಮ್ಯಾಲ್ಕಮ್ ಇನ್ ದ ಮಿಡಲ್' ಕಾಮಿಡಿ ಸೀರಿಯಲ್‌ನ ಅಪ್ಪ ಅಂತಲೇ ಜನಕ್ಕೆ ಗೊತ್ತಿದ್ದ ಮನುಷ್ಯ, 'ಬ್ರೇಕಿಂಗ್ ಬ್ಯಾಡ್' ಅನ್ನೋ ಸೀರಿಯಸ್ ಕ್ರೈಮ್ ಸೀರಿಯಲ್‌ಗೆ ಅವರ ಹೆಸರು ಬಂದಾಗ ಚಾನೆಲ್‌ನವರು ಹಿಂದೆ ಮುಂದೆ ನೋಡಿದ್ರು. ಆಗ ಆ ಸೀರಿಯಲ್ ಸೃಷ್ಟಿ ಮಾಡಿದ ವಿನ್ಸ್ ಗಿಲಿಗನ್ ತೋರ್ಸಿದ್ದು 1998ರಲ್ಲಿ ಕ್ರ್ಯಾನ್‌ಸ್ಟನ್ 'ಎಕ್ಸ್ ಫೈಲ್ಸ್' ಸೀರಿಯಲ್‌ನಲ್ಲಿ ಸೀರಿಯಸ್ ಪಾತ್ರ ಮಾಡಿದ್ದ ಒಂದೇ ಒಂದು ಎಪಿಸೋಡ್. 2008ರಲ್ಲಿ 'ಬ್ರೇಕಿಂಗ್ ಬ್ಯಾಡ್' ಪಾತ್ರಕ್ಕೇ ಅವರಿಗೆ ಟಿವಿಯ ದೊಡ್ಡ ಪ್ರಶಸ್ತಿ ಎಮ್ಮಿ ಬಂತು. ಹಾಲಿವುಡ್ ಹೀರೋ ಮ್ಯಾಥ್ಯೂ ಮೆಕಾನಹೇ ಥರ, ಬರೋ ರೊಮ್ಯಾಂಟಿಕ್ ಕಾಮಿಡಿ ಎಲ್ಲ ಬೇಡ ಅಂತ ಹೇಳಿ ಕೆಲ್ಸ ಇಲ್ದೆ ಕಾಯೋ ಶಕ್ತಿ ಸಣ್ಣ ಪಾತ್ರದೋರಿಗೆ ಎಲ್ಲಿಂದ ಬರ್ಬೇಕು, ನಮಗೆ ಆ ಒಂದು ಕ್ಲಿಪ್ಪೇ ದಾರಿ.

ಎಡಿಟರ್ ಕೆಲ್ಸ ನಿಜವಾಗ್ಲೂ ಚೆನ್ನಾಗಿದೆ. ಶುರುವಿಗೆ ನಾನಿಟ್ಟಿದ್ದ ಹೊಡೆದಾಟದ ತುಣುಕುಗಳ ಜೋಡಣೆ ತೆಗೆದೇ ಬಿಟ್ರು, 'ಕ್ಯಾಸ್ಟಿಂಗ್‌ನೋರು ಮೊದಲ ಕೆಲವು ಸೆಕೆಂಡಲ್ಲೇ ನಿಮ್ಮನ್ನ ಯಾವ ಡಬ್ಬಿಗೆ ಹಾಕ್ಬೇಕು ಅಂತ ತೀರ್ಮಾನ ಮಾಡ್ತಾರೆ ಸರ್, ಆ ಜಾಗದಲ್ಲಿ ಲಾಂಗ್ ಹಿಡ್ಕೊಂಡು ನಿಲ್ಬೇಡಿ' ಅಂದ್ರು. ಹೊಸ ಸೀನಲ್ಲಿ ನಾನು ಆಸ್ಪತ್ರೆ ಕಾರಿಡಾರಲ್ಲಿ ನಿಂತಿರೋ ಅಣ್ಣ, ಫೋನಲ್ಲಿ ತಂಗಿಗೆ 'ಅಮ್ಮ ಮಲಗಿದಾರೆ, ನೀನು ನಿಧಾನಕ್ಕೆ ಬಾ' ಅಂತ ಸುಳ್ಳು ಹೇಳ್ಬೇಕು, ಅಷ್ಟೇ. ಮೊದಲ ಟೇಕಲ್ಲಿ ಕಣ್ಣೀರು ಹಾಕಿದೆ. ಡೈರೆಕ್ಟ್ ಮಾಡ್ತಿದ್ದ ಹುಡುಗಿ ಅಳೋದು ಬೇಡ, ಖಾಲಿ ಇರೋ ಕೈಯಿಂದ ಶರ್ಟಿನ ಗುಂಡಿ ಹಾಕ್ಕೋತಾ ಮಾತಾಡಿ ಅಂದ್ಳು. ಫೈನಲ್ ಎಡಿಟಲ್ಲಿ ಆ ಗುಂಡಿ ತೂತಿಗೆ ಸಿಗದೆ ಬೆರಳು ತಡಕಾಡೋದು, ದನಿ ಮಾತ್ರ ಒಂಚೂರೂ ಅಲುಗದೆ ಇರೋದು ಹಾಗೇ ಉಳ್ಸಿದಾರೆ, ಮ್ಯೂಸಿಕ್ ಇಲ್ಲ, ಕಟ್ ಇಲ್ಲ. ಇಷ್ಟು ವರ್ಷದಲ್ಲಿ ಕ್ಯಾಮೆರಾ ನನ್ನ ಮುಖದ ಮೇಲೆ ಅಷ್ಟು ಹೊತ್ತು ನಿಂತಿದ್ದೇ ಇಲ್ಲ, ನೋಡಿ ತುಂಬಾ ಖುಷಿ ಆಯ್ತು.

ಬೇಜಾರಾಗಿದ್ದು ಹೆಡ್‌ಶಾಟ್‌ನಲ್ಲಿ. ಕೇಳ್ದೆನೇ ಗಾಯದ ಗುರುತು ಅಳಿಸಿ, ಚರ್ಮ ನುಣ್ಣಗೆ ಮಾಡಿ ಕಳಿಸಿದ್ರು. ಇದು ದೊಡ್ಡ ತಪ್ಪು, ಫೋಟೋದಲ್ಲಿರೋ ಮನುಷ್ಯಾನೇ ಆಡಿಷನ್ ರೂಮಿಗೆ ಬರ್ಬೇಕು, ಅಲ್ದೆ ನಾನು ಕೇಳಿದ್ದು ಮುಖ ಬದಲಾಯಿಸೋಕಲ್ಲ, ಇದೇ ಮುಖ ಬೇರೆ ಪಾತ್ರಾನೂ ಮಾಡುತ್ತೆ ಅಂತ ತೋರ್ಸೋಕೆ. ಎರಡು ಮೇಲ್ ಹಾಕಿದ ಮೇಲೆ ಒರಿಜಿನಲ್ ಕೊಟ್ರು. ಡೆಲಿವರಿನೂ ಹೇಳಿದ ಟೈಮಿಗಿಂತ ಲೇಟು.

ರೀಲ್ ಕಳಿಸಿದ ಮೇಲೆ ಒಬ್ಬ ಸ್ಕೂಲ್ ಮೇಷ್ಟ್ರ ಪಾತ್ರಕ್ಕೆ ಸೆಲ್ಫ್ ಟೇಪ್ (ನಾವೇ ಶೂಟ್ ಮಾಡಿ ಕಳಿಸೋ ಆಡಿಷನ್ ವಿಡಿಯೋ) ಕೇಳಿದ್ರು, ಪಾತ್ರ ಸಿಗ್ಲಿಲ್ಲ, ಆದ್ರೆ ಕೇಳಿದ್ರು. 5ರಲ್ಲಿ 4 ಸ್ಟಾರ್. ನಿಮ್ಮ ಹತ್ರ ಒಂದೇ ಥರದ ಕ್ಲಿಪ್‌ಗಳೇ ತುಂಬಿದ್ರೆ ಬರೀ ಎಡಿಟ್ ಪ್ಯಾಕೇಜ್ ತಗೋಬೇಡಿ, ಹೊಸ ಸೀನ್ ಇರೋದೇ ತಗೊಳ್ಳಿ, ಫೋಟೋ ರೀಟಚ್ ಬೇಡ ಅಂತ ಬುಕ್ ಮಾಡುವಾಗಲೇ ಬರೆದು ಹಾಕಿ.