ಪಿಚರ್ ಬ್ಯಾಟ್ ಹಿಡಿಯಬೇಕಾ, ಬೇಡವಾ? ಎರಡೂ ಬಗೆ ನೋಡಿ, ಆಡಿ ಬರೆದದ್ದು

ಅಮೆರಿಕದ ಬೇಸ್‌ಬಾಲ್‌ನ ಅತಿ ಮೇಲಿನ ಹಂತ ಮೇಜರ್ ಲೀಗ್, ಅದರೊಳಗೆ ಅಮೆರಿಕನ್, ನ್ಯಾಷನಲ್ ಅಂತ ಎರಡು ಲೀಗ್. ಅಲ್ಲಿ ಸುಮಾರು ಐವತ್ತು ವರ್ಷ ಒಂದೇ ಆಟಕ್ಕೆ ಎರಡು ನಿಯಮ ನಡೆದವು. ಪಿಚರ್ ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು. ಅಮೆರಿಕನ್ ಲೀಗ್‌ನಲ್ಲಿ ಅವನು ಎಸೆದರೆ ಸಾಕು. ಅವನ ಸರದಿ ಬಂದಾಗ ಇನ್ನೊಬ್ಬ ಬ್ಯಾಟ್ ಮಾಡುತ್ತಾನೆ. ಅವನಿಗೆ ಡೆಸಿಗ್ನೇಟೆಡ್ ಹಿಟರ್ ಅಂತ ಹೆಸರು, ಎಲ್ಲರ ಬಾಯಲ್ಲಿ ಡಿಎಚ್. ನ್ಯಾಷನಲ್ ಲೀಗ್‌ನಲ್ಲಿ ಪಿಚರ್ ತಾನೇ ಬ್ಯಾಟ್ ಹಿಡಿದು ಬರಬೇಕಿತ್ತು. 1973ರಲ್ಲಿ ಶುರುವಾದ ಈ ಒಡಕು 2022ರಲ್ಲಿ ಮುಗಿಯಿತು. ಈಗ ಎರಡೂ ಕಡೆ ಡಿಎಚ್.

ನಾನು ಆ ಒಡಕಿನ ಕಡೆಯ ವರ್ಷಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪಕ್ಕದಲ್ಲಿ ವಾಸವಿದ್ದೆ. ಈ ಎರಡನ್ನು ಹೋಲಿಸಿ ನೋಡೋಕೆ ಅದಕ್ಕಿಂತ ಒಳ್ಳೆಯ ಜಾಗ ಸಿಗೋದು ಕಷ್ಟ. ಆಗ ನೀರಿನ ಈ ಕಡೆ ಓಕ್ಲೆಂಡ್ ಅಥ್ಲೆಟಿಕ್ಸ್ ತಂಡ, ಡಿಎಚ್ ಇರುವ ಆಟ. ಆ ಕಡೆ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್, ಪಿಚರ್ ಬ್ಯಾಟ್ ಮಾಡುವ ಆಟ. ಒಂದೇ ಬಾರ್ಟ್ ರೈಲು ಎರಡೂ ಊರಿಗೆ ಹೋಗುತ್ತದೆ. ನನ್ನ ಹತ್ತಿರ ಸ್ಕೋರ್ ಬರೆಯುವ ಪುಸ್ತಕ ಇತ್ತು. ಎರಡೂ ಕಡೆ ಕೂತು ಪ್ರತಿ ಬ್ಯಾಟರ್‌ನದ್ದೂ ಕೈಯಲ್ಲೇ ಬರೆದುಕೊಳ್ಳುತ್ತಿದ್ದೆ. ಆಮೇಲೆ ನಮ್ಮ ವಾರಾಂತ್ಯದ ತಂಡದಲ್ಲೂ ಎರಡೂ ನಿಯಮ ಹಾಕಿ ಆಡಿದೆವು.

ಮೊದಲು ಪಿಚರ್ ಬ್ಯಾಟ್ ಮಾಡುವ ಆಟದ ವಿಷಯ.

ಒಂಬತ್ತು ಜನರ ಸರದಿಯಲ್ಲಿ ಪಿಚರ್ ಸಾಮಾನ್ಯವಾಗಿ ಕೊನೆಯವನು. ಪುಸ್ತಕದಲ್ಲಿ ಒಂಬತ್ತನೇ ಸಾಲು ನೋಡಿದರೆ ಸಾಕು, ಕಥೆ ಗೊತ್ತಾಗುತ್ತದೆ. ಸ್ಟ್ರೈಕ್‌ಔಟ್‌ನ (ಮೂರು ಸ್ಟ್ರೈಕ್‌ಗೆ ಔಟ್) ಕೆ, ಮತ್ತೆ ಕೆ, ಒಂದು ಬಂಟ್ (ಬೀಸದೆ ಚೆಂಡನ್ನು ಮೆತ್ತಗೆ ತಟ್ಟುವುದು), ಮತ್ತೆ ಕೆ. 2021ರಲ್ಲಿ ಪಿಚರ್‌ಗಳ ಬ್ಯಾಟಿಂಗ್ ಸರಾಸರಿ ಸುಮಾರು .110. ಅಂದರೆ ನೂರು ಪ್ರಯತ್ನಕ್ಕೆ ಹನ್ನೊಂದು ಹಿಟ್. ಅದೇ ವರ್ಷ ಎಲ್ಲ ಬ್ಯಾಟರ್‌ಗಳನ್ನೂ ಸೇರಿಸಿದರೆ .244. ನ್ಯೂಯಾರ್ಕ್ ಮೆಟ್ಸ್‌ನ ಜೇಕಬ್ ಡಿಗ್ರಾಮ್ ಆ ವರ್ಷ .364 ಹೊಡೆದದ್ದು ನಿಜ, ಆದರೆ ಅಂಥವರು ಅಪರೂಪ. ಉಳಿದವರಲ್ಲಿ ಬಹಳ ಜನ ಭುಜದ ಮೇಲಿಂದ ಬ್ಯಾಟ್ ಇಳಿಸದೇ ವಾಪಸ್ ಬರುತ್ತಿದ್ದರು.

ಇದರಲ್ಲಿ ತಂತ್ರ ಜಾಸ್ತಿ ಅಂತ ಹಳಬರು ಹೇಳುತ್ತಾರೆ. ಆ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಬಂಟ್ ತೆಗೆದುಕೊಳ್ಳಿ. ಮೊದಲ ಬೇಸ್‌ನಲ್ಲಿ ಒಬ್ಬ ಇದ್ದಾನೆ, ಪಿಚರ್ ಬ್ಯಾಟ್‌ಗೆ ಬಂದ. ಒಂದು ಕೈಯನ್ನು ಬ್ಯಾಟಿನ ದಪ್ಪ ಭಾಗದ ತನಕ ಜಾರಿಸಿ, ಬ್ಯಾಟನ್ನು ಅಡ್ಡ ಹಿಡಿದು ನಿಲ್ಲುತ್ತಾನೆ. ಮೊದಲ ಮತ್ತು ಮೂರನೇ ಬೇಸ್ ಕಾಯುವವರು ಆಗಲೇ ಓಡಿ ಹತ್ತಿರ ಬಂದಿರುತ್ತಾರೆ. ಚೆಂಡು ಮೆತ್ತಗೆ ನೆಲಕ್ಕೆ ಬೀಳುತ್ತದೆ, ಪಿಚರ್ ಔಟ್, ಓಟಗಾರ ಎರಡನೇ ಬೇಸ್‌ಗೆ. ಹೀಗೇ ಆಗುತ್ತದೆ ಅಂತ ಮೈದಾನದಲ್ಲಿ ಕಡಲೆಕಾಯಿ ಮಾರುವವನಿಗೂ ಗೊತ್ತಿರುತ್ತದೆ. ಬೇರೆ ದಾರಿಯೇ ಇಲ್ಲದ ಕಡೆ ತಂತ್ರ ಎಲ್ಲಿಂದ ಬರಬೇಕು? ಎಂಟನೆಯವನಿಗೆ ಹೊಡೆಯಲು ಬಿಡದೆ ಬೇಕಂತಲೇ ಮೊದಲ ಬೇಸ್‌ಗೆ ನಡೆಸಿ, ಪಿಚರ್‌ನನ್ನು ಎದುರಿಸುವುದೂ ಅಷ್ಟೇ. ಎರಡು ಔಟ್ ಆಗಿ ಒಬ್ಬ ಎರಡನೇ ಬೇಸ್‌ನಲ್ಲಿದ್ದರೆ ಹೆಚ್ಚಿನ ಮ್ಯಾನೇಜರ್‌ಗಳು ಅದನ್ನೇ ಮಾಡುತ್ತಿದ್ದರು.

ಆದರೆ ಒಂಬತ್ತು ಇನ್ನಿಂಗ್ಸ್‌ನ ಆಟದಲ್ಲಿ ಆರನೇ ಇನ್ನಿಂಗ್ಸ್ ಹೊತ್ತಿಗೆ ಒಂದು ಗಳಿಗೆ ಬರುತ್ತಿತ್ತು. ಅದಕ್ಕೋಸ್ಕರವೇ ನಾನು ನೀರು ದಾಟಿ ಹೋಗುತ್ತಿದ್ದೆ.

ನಿಮ್ಮ ಪಿಚರ್ ಚೆನ್ನಾಗಿ ಎಸೆಯುತ್ತಿದ್ದಾನೆ, ಒಂದೇ ರನ್ ಬಿಟ್ಟುಕೊಟ್ಟಿದ್ದಾನೆ ಅಂತ ಇಟ್ಟುಕೊಳ್ಳಿ. ನಿಮ್ಮ ತಂಡ ಸೊನ್ನೆ. ಎರಡು ಬೇಸ್‌ಗಳಲ್ಲಿ ಜನ ಇದ್ದಾರೆ, ಒಂದು ಔಟ್ ಆಗಿದೆ, ಈಗ ಪಿಚರ್ ಸರದಿ. ಅವನನ್ನೇ ಕಳಿಸಿದರೆ ರನ್ ಬರುವ ಆಸೆ ಕಮ್ಮಿ. ಪಿಂಚ್ ಹಿಟರ್, ಅಂದರೆ ಬದಲಿ ಬ್ಯಾಟರ್ ಕಳಿಸಿದರೆ ಇಷ್ಟು ಚೆನ್ನಾಗಿ ಎಸೆಯುತ್ತಿದ್ದವನ ಕೆಲಸ ಅಲ್ಲಿಗೆ ಮುಗಿಯಿತು. ಬೇಸ್‌ಬಾಲ್‌ನಲ್ಲಿ ಒಮ್ಮೆ ಹೊರಗೆ ಹೋದವನು ಆವತ್ತು ಮತ್ತೆ ಬರುವಂತಿಲ್ಲ. ಉಳಿದ ಮೂರು ಇನ್ನಿಂಗ್ಸ್ ಬುಲ್‌ಪೆನ್‌ನವರು, ಅಂದರೆ ಬದಲಿ ಪಿಚರ್‌ಗಳು ನೋಡಿಕೊಳ್ಳಬೇಕು. ಮ್ಯಾನೇಜರ್ ಏನು ಮಾಡುತ್ತಾನೆ ಅಂತ ಇಡೀ ಮೈದಾನ ಡಗೌಟ್‌ ಮೆಟ್ಟಿಲ ಕಡೆ ನೋಡುತ್ತದೆ. ಹೆಲ್ಮೆಟ್ ಹಾಕಿಕೊಂಡು ಪಿಚರ್ ಹೊರಗೆ ಬಂದರೆ ಒಂದು ಥರದ ಕೂಗು, ಬೇರೆಯವನು ಬಂದರೆ ಇನ್ನೊಂದು ಥರದ ಕೂಗು. ಪಕ್ಕದಲ್ಲಿ ಕೂತ ಅಪರಿಚಿತರೂ ನನ್ನ ಜೊತೆ ವಾದಕ್ಕೆ ಇಳಿಯುತ್ತಿದ್ದರು.

ಡಬಲ್ ಸ್ವಿಚ್ ಅನ್ನೋದು ಹುಟ್ಟಿದ್ದೂ ಇದೇ ಇಕ್ಕಟ್ಟಿನಿಂದ. ಕಳೆದ ಸರದಿ ಎಂಟನೆಯವನ ಔಟ್‌ನಿಂದ ಮುಗಿದಿದೆ. ಹಾಗಾಗಿ ಮುಂದಿನ ಸರದಿ ಪಿಚರ್‌ನಿಂದಲೇ ಶುರು. ಈಗ ಹೊಸ ಪಿಚರ್ ತರಬೇಕು. ಸುಮ್ನೆ ತಂದರೆ ಅವನೇ ಮೊದಲು ಬ್ಯಾಟ್ ಮಾಡಬೇಕು. ಅದಕ್ಕೆ ಮ್ಯಾನೇಜರ್ ಎಂಟನೆಯವನನ್ನೂ ಜೊತೆಗೇ ತೆಗೆಯುತ್ತಾನೆ. ಹೊಸ ಪಿಚರ್ ಎಂಟನೇ ಜಾಗಕ್ಕೆ, ಹೊಸ ಫೀಲ್ಡರ್ ಒಂಬತ್ತನೇ ಜಾಗಕ್ಕೆ. ಈಗ ಮೊದಲು ಬರುವವನು ನಿಜವಾದ ಬ್ಯಾಟರ್, ಪಿಚರ್ ಸರದಿ ಇನ್ನು ಎಂಟು ಜನ ಆದಮೇಲೆ. ಇದಕ್ಕೆ ಬೆಲೆ ಇಷ್ಟೇ, ಎಂಟನೆಯವನು ಆವತ್ತಿನ ಆಟದಿಂದ ಪೂರ್ತಿ ಹೋದ. ಸ್ಕೋರ್ ಪುಸ್ತಕದಲ್ಲಿ ಇದನ್ನು ಬರೆಯುವಾಗ ಗೆರೆಯ ಮೇಲೆ ಗೆರೆ, ಬಾಣದ ಮೇಲೆ ಬಾಣ. ನನಗೆ ಆ ಪುಟಗಳೇ ಇವತ್ತಿಗೂ ಹೆಚ್ಚು ಇಷ್ಟ.

ನೀರಿನ ಈ ಕಡೆ, ಓಕ್ಲೆಂಡ್‌ನಲ್ಲಿ ಪುಸ್ತಕ ನೀಟಾಗಿ ಇರುತ್ತಿತ್ತು. ಒಂಬತ್ತೂ ಜನ ಬ್ಯಾಟ್ ಮಾಡಬಲ್ಲವರು. ಮೂರನೇ ಇನ್ನಿಂಗ್ಸ್, ಪಿಚರ್ ಸರದಿ ಅಂತ ಎದ್ದು ಕಾಫಿಗೆ ಹೋಗುವ ಹಾಗಿರಲಿಲ್ಲ, ಯಾವಾಗ ಬೇಕಾದರೂ ಏನಾದರೂ ಆಗಬಹುದು. ಎದುರಿನ ಪಿಚರ್‌ಗೂ ಉಸಿರಾಡೋಕೆ ಜಾಗ ಇಲ್ಲ. ಪಿಚರ್‌ನನ್ನು ತೆಗೆಯುವ ತೀರ್ಮಾನ ಮಾತ್ರ ಸಪ್ಪೆ. ಸುಸ್ತಾದನಾ, ತೆಗಿ. ಚೆನ್ನಾಗಿದ್ದಾನಾ, ಬಿಡು. ಅದಕ್ಕೆ ಬ್ಯಾಟಿಂಗ್ ಕಡೆಯಿಂದ ಬೆಲೆ ಕೊಡಬೇಕಾಗಿಲ್ಲ.

ಡಿಎಚ್‌ನ ಇನ್ನೊಂದು ಲಾಭ ಆಟಗಾರರಿಗೆ. ವಯಸ್ಸಾಗಿ ಓಡಲು ಕಷ್ಟಪಡುವ, ಆದರೆ ಕಣ್ಣು, ಕೈ ಇನ್ನೂ ಚುರುಕಾಗಿರುವ ಬ್ಯಾಟರ್‌ಗೆ ಅದು ಜಾಗ ಕೊಡುತ್ತದೆ. ಸಿಯಾಟಲ್‌ನ ಎಡ್ಗರ್ ಮಾರ್ಟಿನೆಜ್, ಬಾಸ್ಟನ್‌ನ ಡೇವಿಡ್ ಓರ್ಟಿಜ್ ಇಬ್ಬರೂ ಹೆಚ್ಚಾಗಿ ಡಿಎಚ್ ಆಗಿ ಆಡಿಯೇ ಹಾಲ್ ಆಫ್ ಫೇಮ್ (ಮತ ಹಾಕಿ ಆರಿಸುವ ಶ್ರೇಷ್ಠರ ಗೌರವಪಟ್ಟಿ) ಸೇರಿದರು. ಮಾರ್ಟಿನೆಜ್ ಅದಕ್ಕಾಗಿ 2019ರ ತನಕ, ಅಂದರೆ ಮತಪಟ್ಟಿಯ ಹತ್ತನೇ ಮತ್ತು ಕೊನೆಯ ವರ್ಷದ ತನಕ ಕಾಯಬೇಕಾಯಿತು. ಫೀಲ್ಡಿಂಗ್ ಮಾಡದವನು ಅರ್ಧ ಆಟಗಾರ ಅನ್ನುವ ಹಟ ಅಷ್ಟು ಗಟ್ಟಿಯಾಗಿತ್ತು.

ಕ್ರಿಕೆಟ್ ನೋಡಿ ಬೆಳೆದ ನಮಗೆ ಬೌಲರ್ ಬ್ಯಾಟ್ ಮಾಡದೇ ಇರೋದು ಮೊದಮೊದಲು ಒಪ್ಪಿಗೆ ಆಗೋದಿಲ್ಲ. ನಮ್ಮ ಬಿ.ಎಸ್. ಚಂದ್ರಶೇಖರ್ ಟೆಸ್ಟ್‌ನಲ್ಲಿ 242 ವಿಕೆಟ್ ತೆಗೆದರು, ಹೊಡೆದ ರನ್ 167. ಆದರೂ ಪ್ರತಿ ಸಲ ಪ್ಯಾಡ್ ಕಟ್ಟಿಕೊಂಡು ಇಳಿದರು. 1996ರ ಟೈಟಾನ್ ಕಪ್ ನೆನಪಿದೆ ಅಲ್ವಾ? ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾ ಎದುರು 216 ಬೇಕು, 164ಕ್ಕೆ ಎಂಟನೇ ವಿಕೆಟ್ ಆಗಿ ಸಚಿನ್ ಹೋದರು. ಆಮೇಲೆ ಶ್ರೀನಾಥ್, ಕುಂಬ್ಳೆ ಸೇರಿ ಉಳಿದ 52 ರನ್ ಹೊಡೆದು ಗೆಲ್ಲಿಸಿದರು. ಡಿಎಚ್ ಇದ್ದಿದ್ದರೆ ಅದು ಆಗುತ್ತಿತ್ತಾ ಅಂತ ನನ್ನ ಗೆಳೆಯರು ಕೇಳುತ್ತಾರೆ.

ಈ ವಾದ ಬೇಸ್‌ಬಾಲ್‌ಗೆ ಒಗ್ಗುವುದಿಲ್ಲ. ಕ್ರಿಕೆಟ್‌ನಲ್ಲಿ ಬೌಲರ್ ಸರದಿ ಬರೋದೇ ಕೊನೆಗೆ. ಬಂತು ಅಂದರೆ ಪಂದ್ಯ ಹಗ್ಗದ ಮೇಲೆ ಇರಬಹುದು. ಅಂತಾರಾಷ್ಟ್ರೀಯ ಪಂದ್ಯದಲ್ಲಿ ಸುಮ್ನೆ ಅವನ ಜಾಗದಲ್ಲಿ ಬೇರೆಯವನನ್ನು ಕಳಿಸುವ ಹಾಗೂ ಇಲ್ಲ. ಬೇಸ್‌ಬಾಲ್‌ನಲ್ಲಿ ಸರದಿ ಸುತ್ತುತ್ತಲೇ ಇರುತ್ತದೆ. ಪಿಚರ್ ಮೊದಲ ಸಲ ಬರೋದು ಎರಡನೇ, ಮೂರನೇ ಇನ್ನಿಂಗ್ಸ್‌ನಲ್ಲಿ, ಏನೂ ತೀರ್ಮಾನ ಆಗದ ಹೊತ್ತಿನಲ್ಲಿ. ನಿಜವಾಗಿಯೂ ಪಂದ್ಯ ಹಗ್ಗದ ಮೇಲೆ ಬಂದಾಗ ಮ್ಯಾನೇಜರ್ ಅವನನ್ನು ಕೂರಿಸಿ ಪಿಂಚ್ ಹಿಟರ್ ಕಳಿಸುತ್ತಾನೆ. ಅಂದರೆ ಶ್ರೀನಾಥ್–ಕುಂಬ್ಳೆ ಥರದ ಗಳಿಗೆ ಆ ಆಟದಲ್ಲಿ ಬರುವುದು ತೀರಾ ಕಮ್ಮಿ. ಬಂದಾಗ ಮಾತ್ರ ಮರೆಯೋಕಾಗಲ್ಲ. 2021ರ ಜುಲೈ 4ರಂದು ಅಟ್ಲಾಂಟದಲ್ಲಿ ಪಿಂಚ್ ಹಿಟರ್‌ಗಳೆಲ್ಲ ಮುಗಿದು, ಹತ್ತನೇ ಇನ್ನಿಂಗ್ಸ್‌ನಲ್ಲಿ ಪಿಚರ್ ಮ್ಯಾಕ್ಸ್ ಫ್ರೀಡ್‌ರನ್ನೇ ಬ್ಯಾಟ್‌ಗೆ ಕಳಿಸಿದರು. ಅವರು ಹೊಡೆದ ಸಿಂಗಲ್‌ನಿಂದಲೇ ತಂಡ ಗೆದ್ದಿತು.

2016ರಲ್ಲಿ ಪಿಚರ್ ಬಾರ್ಟೊಲೊ ಕೊಲೋನ್ ಹೊಡೆದ ಹೋಮ್ ರನ್ ಕೂಡ ಹಾಗೇ. ಸ್ಯಾನ್ ಡಿಯಾಗೋದಲ್ಲಿ, 42ನೇ ವಯಸ್ಸಿನಲ್ಲಿ, ಬದುಕಿನ ಮೊದಲ ಹೋಮ್ ರನ್. ಬೇಸ್‌ಗಳನ್ನು ಸುತ್ತಿ ಬರೋಕೆ ಅವರು ಅರ್ಧ ನಿಮಿಷಕ್ಕೂ ಜಾಸ್ತಿ ತೆಗೆದುಕೊಂಡರು. ಅಂಥ ಸಂತೋಷ ಡಿಎಚ್ ಆಟದಲ್ಲಿ ಇಲ್ಲ ಅನ್ನೋದು ನಿಜ.

ಗಾಯದ ಮಾತನ್ನೂ ಡಿಎಚ್ ಪರ ಇರುವವರು ಎತ್ತುತ್ತಾರೆ. 2008ರಲ್ಲಿ ಯಾಂಕೀಸ್‌ನ ಚಿಯೆನ್-ಮಿಂಗ್ ವಾಂಗ್ ಹ್ಯೂಸ್ಟನ್‌ನಲ್ಲಿ ಬೇಸ್ ಓಡುವಾಗ ಪಾದಕ್ಕೆ ಪೆಟ್ಟು ಮಾಡಿಕೊಂಡರು, ಆಮೇಲೆ ಮೊದಲಿನ ಹಾಗೆ ಎಸೆಯಲೇ ಇಲ್ಲ. 2015ರಲ್ಲಿ ಸೇಂಟ್ ಲೂಯಿಸ್‌ನ ಆಡಂ ವೇನ್‌ರೈಟ್‌ಗೆ ಬ್ಯಾಟ್ ಮಾಡಿ ಓಡಲು ಹೊರಟಾಗ ಹಿಮ್ಮಡಿಯ ಸ್ನಾಯುರಜ್ಜು (ಅಕಿಲೀಸ್) ಹರಿಯಿತು. ಇವು ಬೇಸರದ ಸಂಗತಿಗಳು. ಆದರೆ ಪಿಚರ್‌ಗಳ ಮೊಣಕೈ ಹಾಳಾಗೋದು ಚೆಂಡು ಎಸೆದೇ, ಅದರ ಮುಂದೆ ಬ್ಯಾಟಿಂಗ್ ಗಾಯಗಳು ಲೆಕ್ಕಕ್ಕೇ ಬರಲ್ಲ. ಈ ಕಾರಣಕ್ಕೆ ಮಾತ್ರ ಯಾರಾದರೂ ಡಿಎಚ್ ಬೇಕು ಅಂದರೆ ನಾನು ಒಪ್ಪಲ್ಲ.

ಎರಡು ನಿಯಮಗಳೂ ಒಂದೇ ಸಂಜೆ ಮುಖಾಮುಖಿಯಾದದ್ದು 2016ರ ಜೂನ್ 30ರಂದು. ಜೈಂಟ್ಸ್ ಓಕ್ಲೆಂಡ್‌ಗೆ ಬಂದಿತ್ತು, ಅಲ್ಲಿ ಡಿಎಚ್ ಬಳಸಬಹುದಿತ್ತು. ಮ್ಯಾನೇಜರ್ ಬ್ರೂಸ್ ಬೋಚಿ ಬೇಡ ಅಂದರು. ಪಿಚರ್ ಮ್ಯಾಡಿಸನ್ ಬಮ್‌ಗಾರ್ನರ್ ಹೆಸರನ್ನೇ ಲೈನಪ್‌ನಲ್ಲಿ ಬರೆದರು. 1976ರ ನಂತರ ಒಂದು ತಂಡ ಬೇಕಂತಲೇ ಡಿಎಚ್ ಬಿಟ್ಟುಕೊಟ್ಟದ್ದು ಅದೇ ಮೊದಲು. ಬಮ್‌ಗಾರ್ನರ್ ಡಬಲ್ (ನೇರ ಎರಡನೇ ಬೇಸ್ ತಲುಪಿಸುವ ಹಿಟ್) ಹೊಡೆದರು, ಜೈಂಟ್ಸ್ ಗೆದ್ದಿತು. ನನಗೆ ಅದರಲ್ಲಿ ಮುಖ್ಯ ಅನ್ನಿಸಿದ್ದು ಡಬಲ್ ಅಲ್ಲ. ಡಿಎಚ್ ಕಡ್ಡಾಯ ಅಲ್ಲ. ಬ್ಯಾಟ್ ಮಾಡಬಲ್ಲ ಪಿಚರ್‌ಗೆ ಅದು ಎಂದೂ ಬಾಗಿಲು ಮುಚ್ಚಿಲ್ಲ. ಎಸೆಯುವುದು, ಹೊಡೆಯುವುದು ಎರಡೂ ಮಾಡುವ ಶೋಹೆಯ್ ಓಟಾನಿಗೆ 2022ರಿಂದ ಇನ್ನೂ ದೊಡ್ಡ ಅನುಕೂಲ ಆಯಿತು. ಪಿಚರ್ ಆಗಿ ಹೊರಗೆ ಹೋದಮೇಲೂ ಡಿಎಚ್ ಆಗಿ ಉಳಿಯಬಹುದು. 2025ರ ಅಕ್ಟೋಬರ್ 17ರಂದು ಅವರು ಒಂದೇ ಪಂದ್ಯದಲ್ಲಿ ಹತ್ತು ಜನರನ್ನು ಸ್ಟ್ರೈಕ್‌ಔಟ್ ಮಾಡಿ, ಮೂರು ಹೋಮ್ ರನ್ ಹೊಡೆದು ಲಾಸ್ ಏಂಜಲೀಸ್ ಡಾಜರ್ಸ್ ತಂಡವನ್ನು ವರ್ಲ್ಡ್ ಸೀರೀಸ್‌ಗೆ, ಅಂದರೆ ಫೈನಲ್‌ಗೆ ಕೊಂಡೊಯ್ದದ್ದು ಡಿಎಚ್ ಕಾಲದಲ್ಲೇ.

ನಮ್ಮ ವಾರಾಂತ್ಯದ ಆಟದಲ್ಲಿ ಫಲಿತಾಂಶ ಬೇರೆ ಬಂತು. ಡಿಎಚ್ ಹಾಕಿದಾಗ ಮೊಣಕಾಲು ನೋವಿದ್ದ ನಮ್ಮ ಹಿರಿಯರೊಬ್ಬರಿಗೆ ಜಾಗ ಸಿಕ್ಕಿತು, ಅದು ಎಲ್ಲರಿಗೂ ಖುಷಿ. ಆದರೆ ಪಿಚರ್‌ಗಳು ಬೇಜಾರಾದರು. ವಾರವೆಲ್ಲ ಕೆಲಸ ಮಾಡಿ ಭಾನುವಾರ ಬರೋದೇ ಒಂದು ಸಲ ಬೀಸಿ ಹೊಡೆಯೋಕೆ, ಅದನ್ನೂ ಕಿತ್ತುಕೊಂಡರೆ ಹೇಗೆ ಅಂದರು. ಡಿಎಚ್ ತೆಗೆದಾಗ ತೊಂದರೆ ಬೇರೆ. ಪಿಚರ್ ಎರಡನೇ ಬೇಸ್ ತನಕ ಓಡಿ, ಉಸಿರು ಬಿಡುತ್ತಾ ಮೌಂಡ್‌ಗೆ (ಎಸೆಯುವ ದಿಬ್ಬಕ್ಕೆ) ಹೋದರೆ ಮೊದಲ ಕೆಲವು ಚೆಂಡು ಕ್ಯಾಚರ್ ತಲೆ ಮೇಲೆ ಹೋಗುತ್ತಿದ್ದವು. ಆಗ ಕ್ಯಾಚರ್ ಬೇಕಂತಲೇ ಶಿನ್‌ಗಾರ್ಡ್ ಪಟ್ಟಿ ಬಿಚ್ಚಿ ಕಟ್ಟುತ್ತಾ ಹೊತ್ತು ಕಳೆಯುತ್ತಿದ್ದ. ಕೊನೆಗೆ ನಾವು ಹತ್ತು ಜನರ ಸರದಿ ಮಾಡಿದೆವು. ಪಿಚರ್ ಕೂಡ ಬ್ಯಾಟ್ ಮಾಡಲಿ, ಫೀಲ್ಡಿಂಗ್ ಮಾಡಲಾಗದ ಒಬ್ಬರೂ ಮಾಡಲಿ. ನಿಮ್ಮದೂ ಇಂಥ ತಂಡ ಆದರೆ ಇದನ್ನೇ ಮಾಡಿ, ಯೋಚನೆಯೇ ಬೇಡ.

ವೃತ್ತಿಪರರಿಗೆ ಬಂದರೆ, ಎರಡರಲ್ಲಿ ಒಂದು ಅಂತ ಕೇಳಿದರೆ ನಾನು ಡಿಎಚ್ ಅನ್ನುತ್ತೇನೆ. ದಿನಕ್ಕೆ ಒಂದು ಒಳ್ಳೆಯ ಗಳಿಗೆಗೋಸ್ಕರ ಅಷ್ಟೊಂದು ಸತ್ತ ಸರದಿಗಳನ್ನು ನೋಡಿಸೋದು ನ್ಯಾಯ ಅಲ್ಲ. ಆದರೆ ಮೂರನೇ ದಾರಿ ಒಂದಿದೆ, ನನ್ನ ಮನಸ್ಸು ಇರೋದು ಅದರ ಮೇಲೆ. 2021ರಲ್ಲಿ ಅಟ್ಲಾಂಟಿಕ್ ಲೀಗ್ ಅನ್ನುವ ಸಣ್ಣ ಲೀಗ್‌ನಲ್ಲಿ ಡಬಲ್ ಹುಕ್ ಅನ್ನೋದನ್ನ ಪ್ರಯೋಗ ಮಾಡಿದರು. ಆಟ ಶುರು ಮಾಡಿದ ಪಿಚರ್ ಇರುವ ತನಕ ಡಿಎಚ್ ಇರುತ್ತಾನೆ. ಅವನನ್ನು ತೆಗೆದ ಕೂಡಲೇ ಡಿಎಚ್ ಕೂಡ ಹೋದ. ಮೂರನೇ ಇನ್ನಿಂಗ್ಸ್‌ನ ಬೇಸರ ಇಲ್ಲ, ಆರನೇ ಇನ್ನಿಂಗ್ಸ್‌ನ ಇಕ್ಕಟ್ಟು ವಾಪಸ್ ಬಂತು. ಪಿಚರ್ ತೆಗೆಯುವ ತೀರ್ಮಾನಕ್ಕೆ ಮತ್ತೆ ಬೆಲೆ ಬಂತು. ನಾಲ್ಕನೇ ಇನ್ನಿಂಗ್ಸ್‌ಗೇ ಪಿಚರ್‌ನನ್ನು ಬದಲಿಸುವ ಈಗಿನ ಚಟಕ್ಕೂ ಇದು ಕಡಿವಾಣ ಹಾಕುತ್ತದೆ. ಮೇಜರ್ ಲೀಗ್ ಇದನ್ನು ಇನ್ನೂ ತಂದಿಲ್ಲ. ತರಬೇಕು ಅಂತ ನನ್ನ ಬಲವಾದ ಆಸೆ.

ಪಿಚರ್ ಬ್ಯಾಟ್ ಮಾಡುವ ದೊಡ್ಡ ಮಟ್ಟದ ಆಟ ನೋಡಬೇಕು ಅನ್ನುವವರಿಗೆ ಉಳಿದಿದ್ದದ್ದು ಜಪಾನ್. ಅಲ್ಲಿ ಪೆಸಿಫಿಕ್ ಲೀಗ್ 1975ರಲ್ಲೇ ಡಿಎಚ್ ತಂದಿತು, ಸೆಂಟ್ರಲ್ ಲೀಗ್ ಒಪ್ಪಿರಲಿಲ್ಲ. ಅದೂ 2027ರಿಂದ ಡಿಎಚ್‌ಗೆ ಹೋಗುತ್ತದೆ. ಹಾಗಾಗಿ 2026 ಅದರ ಕಡೆಯ ಸೀಸನ್. ಹನ್ಶಿನ್ ಟೈಗರ್ಸ್, ಯೋಮಿಯುರಿ ಜೈಂಟ್ಸ್ ಇರುವುದು ಈ ಲೀಗ್‌ನಲ್ಲೇ. ಅಲ್ಲಿಯ ಸಂಜೆ ಆರರ ಆಟ ಅಂದರೆ ಬೆಂಗಳೂರಿನಲ್ಲಿ ಮಧ್ಯಾಹ್ನ ಎರಡೂವರೆ. ಆರನೇ ಇನ್ನಿಂಗ್ಸ್ ಬರೋ ಹೊತ್ತಿಗೆ ನಮ್ಮ ಕಡೆ ನಾಲ್ಕು, ನಾಲ್ಕೂಕಾಲು ಆಗಿರುತ್ತದೆ. ಪೂರ್ತಿ ಆಟಕ್ಕೆ ಪುರುಸೊತ್ತಿಲ್ಲದಿದ್ದರೆ ಅಲ್ಲಿಂದ ನೋಡಲು ಶುರು ಮಾಡಿ.