ಸಹಕಾರಿ ದಿನಸಿ ಅಂಗಡಿ: ಎಂಟು ವರ್ಷ ಸದಸ್ಯಳಾಗಿದ್ದು ಕಂಡದ್ದು

ಎಂಟು ವರ್ಷದಿಂದ ನಮ್ಮ ಮನೆಗೆ ದಿನಸಿ ಬರುವುದು, ಸದಸ್ಯರೇ ಮಾಲೀಕರಾಗಿರುವ ಒಂದು ಸಹಕಾರಿ ಅಂಗಡಿಯಿಂದ. ಅಗ್ಗಕ್ಕೆ ಸಿಗುತ್ತದೆಂದು ಷೇರು ಕೊಂಡು ಸೇರಿದೆ. ಆ ಲೆಕ್ಕ ಅರ್ಧ ತಪ್ಪಿತ್ತು. ಲಾರಿಗಟ್ಟಲೆ ಖರೀದಿಸುವ ದೊಡ್ಡ ಮಳಿಗೆಗಳಲ್ಲಿ ಕೆಲವು ಸಾಮಾನು ಇನ್ನೂ ಕಡಿಮೆಗೆ ಸಿಗುತ್ತವೆ.

ಇಲ್ಲಿ ಲಾಭ ಕಾಣುವುದು ವರ್ಷದ ಕೊನೆಗೆ. ಬಿಲ್ ಮಾಡಿಸುವಾಗ ಸದಸ್ಯತ್ವದ ಸಂಖ್ಯೆ ಹೇಳಿದರೆ ಖರೀದಿಯೆಲ್ಲ ಅದರ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಖರ್ಚು ಕಳೆದು, ಮೀಸಲು ನಿಧಿಗೆ ಎತ್ತಿಟ್ಟು ಉಳಿದದ್ದರಲ್ಲಿ ಎಷ್ಟು ಹಂಚಬೇಕೆಂದು ಮಹಾಸಭೆ ತೀರ್ಮಾನಿಸುತ್ತದೆ. ಹೆಚ್ಚು ಪಾಲು ಸಿಗುವುದು ಹೆಚ್ಚು ಷೇರು ಇಟ್ಟವರಿಗಲ್ಲ, ಹೆಚ್ಚು ಖರೀದಿಸಿದವರಿಗೆ. ಈ ಪದ್ಧತಿ ಬೇರೂರಿದ್ದು 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಶುರುವಾದ ಅಂಗಡಿಯಿಂದ. ಅದನ್ನು ಕಟ್ಟಿದ 28 ಮಂದಿಯಲ್ಲಿ ನೇಕಾರರೂ ಇದ್ದರು. ಕಲಬೆರಕೆ ಇಲ್ಲದ ಸರಕು, ಸರಿಯಾದ ತೂಕ ಅವರ ಹಟವಾಗಿತ್ತು. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ.

ಆ ಒಂದು ಮತದ ಬೆಲೆ ನನಗೆ ಗೊತ್ತಾದದ್ದು ಮೂರನೇ ವರ್ಷ. ಆ ಸಲ ಅಂಗಡಿ ನಷ್ಟದಲ್ಲಿತ್ತು. ಸಭೆಯಲ್ಲಿ ಲೆಕ್ಕಪತ್ರ ಓದುತ್ತಿದ್ದಾಗ ಹಿಂದಿನ ಸಾಲಿನಿಂದ ವಯಸ್ಸಾದ ಹೆಂಗಸೊಬ್ಬರು ಎದ್ದು, "ಹಾಳಾದ ಸರಕು ಅಂತ ಇಷ್ಟು ಬರೆದಿದ್ದೀರಲ್ಲ, ಯಾವ ಸರಕು, ಯಾವ ತಿಂಗಳು?" ಎಂದು ಕೇಳಿದರು. ಕಾರ್ಯದರ್ಶಿ ಗೋದಾಮಿನ ರಿಜಿಸ್ಟರ್ ತರಿಸಲೇಬೇಕಾಯಿತು. ಹಳೆಯ ದಾಸ್ತಾನು ಹಿಂದೆ ಉಳಿದು, ಹೊಸದು ಮೊದಲು ಮಾರಾಟವಾಗುತ್ತಿತ್ತು. ಮುಂದಿನ ತಿಂಗಳಿಂದ ಪ್ರತಿ ಚೀಲಕ್ಕೂ ಬಂದ ತಾರೀಕಿನ ಚೀಟಿ ಬಿತ್ತು. ಬೇರೆ ಯಾವ ಅಂಗಡಿಯಲ್ಲಿ ಗಿರಾಕಿ ಹೀಗೆ ಗೋದಾಮಿನ ಲೆಕ್ಕ ಕೇಳಲು ಸಾಧ್ಯ?

ಕೊರತೆಗಳೂ ಇವೆ. ಬ್ರ್ಯಾಂಡುಗಳ ಆಯ್ಕೆ ಕಡಿಮೆ. ಷೇರಿನ ಬೆಲೆ ಏರುವುದಿಲ್ಲ, ಬಿಟ್ಟು ಹೋಗುವಾಗ ಹಾಕಿದಷ್ಟೇ ವಾಪಸ್; ಹೂಡಿಕೆ ಅಂದುಕೊಂಡು ಯಾರೂ ಸೇರಬೇಡಿ. ನನಗೆ ನಿಜಕ್ಕೂ ಬೇಸರ ತರಿಸುವುದು ಖಾಲಿ ಕುರ್ಚಿಗಳು. ಎರಡು ಸಲ ಕೋರಂ, ಅಂದರೆ ಸಭೆ ನಡೆಸಲು ಬೇಕಾದಷ್ಟು ಹಾಜರಿ, ಇಲ್ಲದೆ ಮಹಾಸಭೆ ಮುಂದೂಡಿದರು. ಆಡಳಿತ ಮಂಡಳಿಗೆ ಅದೇ ಮುಖಗಳು ಅವಿರೋಧವಾಗಿ ಬರುತ್ತಿವೆ. ನ್ಯೂಯಾರ್ಕಿನಲ್ಲಿ 1973ರಲ್ಲಿ ಶುರುವಾದ ಪಾರ್ಕ್ ಸ್ಲೋಪ್ ಫುಡ್ ಕೋಆಪ್ ಎಂಬ ಸಹಕಾರಿ ದಿನಸಿ ಅಂಗಡಿಯಲ್ಲಿ ಸದಸ್ಯರು ಪಾಳಿ ಮೇಲೆ ಅಂಗಡಿಯಲ್ಲೇ ದುಡಿಯಬೇಕು. ನಮ್ಮಲ್ಲೂ ಅಂಥ ನಿಯಮ ಬರಬೇಕೆಂದು ನಾನು ಎರಡು ವರ್ಷದಿಂದ ಹೇಳುತ್ತಿದ್ದೇನೆ. ಚೀಲ ಎತ್ತಿ ಜೋಡಿಸಿದವರು ಲೆಕ್ಕ ಕೇಳದೆ ಬಿಡುವುದಿಲ್ಲ.

ಈ ಸಲದ ಚುನಾವಣೆಗೆ ನಾನೂ ನಾಮಪತ್ರ ಹಾಕಿದ್ದೇನೆ.